ಮಳೆಕಾಡಿನಲ್ಲಿ ಪ್ರಾಣಿಗಳು ಎಲ್ಲಿ ಹೋದವು?

ಕಬಿನಿ, ನಾಗರಹೊಳೆಯ ಸಫಾರಿ ಮಾಡಿ ರೂಢಿಯಿರುವ ಮೈಸೂರಿನವರು ಕೊಡಗಿನ ಇರುಪು ಜಲಪಾತದ ಬಳಿಯಿಂದ ಬ್ರಹ್ಮಗಿರಿ ಹತ್ತಲು ಹೊರಟರೆ ಸ್ವಲ್ಪ ಹೊತ್ತಿಗೇ ಕೇಳುತ್ತಾರೆ: ಇಷ್ಟು ದಟ್ಟ ಕಾಡು, ಒಂದು ಜಿಂಕೆಯೂ ಕಾಣದಲ್ಲ? ನಾಗರಹೊಳೆ ಅಲ್ಲಿಂದ ದೂರವೇನಿಲ್ಲ. ಆದರೆ ಕಾಡಿನ ಬಗೆಯೇ ಬೇರೆ.

ಎಲ್ಲದಕ್ಕೂ ಮಳೆಯೇ ಮೂಲ. ಮುಂಗಾರಿನ ಮೋಡ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ಬಹುಪಾಲು ಅಲ್ಲೇ ಸುರಿದುಬಿಡುತ್ತದೆ. ಮೈಸೂರು, ಮಂಡ್ಯದ ಕಡೆ ವರ್ಷಕ್ಕೆ 700–800 ಮಿ.ಮೀ. ಬಿದ್ದರೆ ಘಟ್ಟದಲ್ಲಿ ಅದರ ಹಲವು ಪಟ್ಟು. ನಡುವಿನ ನಾಗರಹೊಳೆಯ ತೇಗ, ಮತ್ತಿ, ನಂದಿ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ. ಬಿಸಿಲು ನೆಲ ಮುಟ್ಟುತ್ತದೆ, ಹುಲ್ಲು ಬರುತ್ತದೆ. ಹುಲ್ಲಿಗೆ ಜಿಂಕೆ, ಕಾಟಿ, ಆನೆ, ಅವುಗಳ ಹಿಂದೆ ಹುಲಿ.

ಘಟ್ಟದ ನಿತ್ಯಹರಿದ್ವರ್ಣದ, ಅಂದರೆ ವರ್ಷವಿಡೀ ಹಸಿರಾಗಿರುವ ಕಾಡಿನಲ್ಲಿ ನೆಲಕ್ಕೆ ತಲುಪುವ ಬೆಳಕು ನೂರರಲ್ಲಿ ಒಂದೆರಡು ಪಾಲು. ಹೂವು, ಹಣ್ಣು, ಚಿಗುರೆಲ್ಲ ಮರದ ನೆತ್ತಿಯಲ್ಲಿ. ತಿನ್ನುವ ಬಾಯಿಗಳೂ ಅಲ್ಲೇ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ಎಂಬ ಕೋತಿ ದಿನದ ಬಹುಪಾಲನ್ನು ಕೊಂಬೆಗಳ ಮೇಲೆಯೇ ಕಳೆಯುತ್ತದೆ. ಕೆನ್ನೆಯ ಚೀಲದ ತುಂಬ ಹಣ್ಣು ತುರುಕಿಕೊಂಡು ಹೋಗಿ, ಬೇರೆ ಮರದಲ್ಲಿ ಕೂತು ಅಗಿದು ಬೀಜ ಉಗುಳುತ್ತದೆ. ಅದಕ್ಕೆ ಕೊಂಬೆಯಿಂದ ಕೊಂಬೆಗೆ ದಾರಿ ಬೇಕು. ಇಂಥ ಕಾಡಿನ ನಡುವೆ ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ.

ನೆಲದಲ್ಲಿ ತಪ್ಪದೆ ಸಿಗುವುದು ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅಸಹ್ಯಪಡದೆ ಬಗ್ಗಿ ನೋಡಿ. ಹಿಂದಿನ ಹೀರುಬಟ್ಟಲನ್ನು ತರಗೆಲೆಗೆ ಊರಿ ಎದ್ದು ನಿಂತು, ಇನ್ನೊಂದು ತುದಿಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತಿರುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಸಿಕ್ಕಿದ್ದೇ ನಮ್ಮ ಕಡೆಗೆ ಹೊರಳುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿಟ್ಟುಹೋದ ಮೇಲೂ ಗಾಯ ಜಿನುಗುತ್ತಿರುತ್ತದೆ. ಉಪ್ಪು, ಬೆಂಕಿ ಬೇಡ. ಬಾಯಿ ಕಚ್ಚಿದ ಕಡೆ ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ.

ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ಹುಣಸೂರು ಹಾದು ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ನೀರು ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಿತೇ ಎಂದು ಮಂಡ್ಯದ ರೈತರು ಮುಂಗಾರಿನುದ್ದಕ್ಕೂ ಕಾಯುತ್ತಾರಲ್ಲ, ಆ ನೀರಿನಲ್ಲಿ ಈ ಕಾಡಿನ ಪಾಲೂ ಇದೆ. ತರಗೆಲೆಯ ಹಾಸು ಮಳೆಯ ಹೊಡೆತ ತಡೆದು ನೀರನ್ನು ಮಣ್ಣಿಗೆ ಇಳಿಸುತ್ತದೆ. ಮಳೆ ನಿಂತ ಮೇಲೂ ತೊರೆಗಳು ಹರಿಯುವುದು ಹೀಗೆ ಇಂಗಿದ ನೀರಿನಿಂದ.

ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲ ಕಳೆದ ಮೇಲೆ, ದಾರಿ ಬಲ್ಲವರ ಜೊತೆ ಹೋಗಿ. ತುದಿ ಮುಟ್ಟುವ ಅವಸರ ಬೇಡ. ಅರ್ಧ ಕಚ್ಚಿದ ಹಸಿ ಹಣ್ಣು ಕೆಳಗೆ ಬಿದ್ದಿದ್ದರೆ ಅಲ್ಲೇ ನಿಂತು ತಲೆಯೆತ್ತಿ. ಸಿಂಗಳೀಕವೋ ಕೆಂದಳಿಲೋ ಮಂಗಟ್ಟೆಯೋ ಮೇಲೆ ಊಟಕ್ಕೆ ಕೂತಿರಬಹುದು.