ಹುಡುಗಿಯ ಖತ್ನಾ ತಪ್ಪಾದರೆ ಹುಡುಗನ ಸುನ್ನತಿ ಹೇಗೆ ಸರಿ?

ಪ್ರಶ್ನೆ: ಹೆಣ್ಣುಮಕ್ಕಳ ಖತ್ನಾ ನಿಲ್ಲಬೇಕು ಅನ್ನುವವರು ಗಂಡುಮಕ್ಕಳ ಸುನ್ನತಿ ಬಗ್ಗೆ ಬಾಯಿಬಿಡುವುದಿಲ್ಲ. ಎರಡೂ ಒಂದೇ ಅಲ್ಲವೇ?

ಉತ್ತರ: ಆಗುವ ಹಾನಿ ಒಂದೇ ಅಲ್ಲ. ಮಗುವನ್ನು ಕೇಳದೆ ಮಾಡುತ್ತಾರೆ ಅನ್ನುವುದು ಮಾತ್ರ ಎರಡಕ್ಕೂ ಒಂದೇ.

ಸುನ್ನತಿಯಲ್ಲಿ ತೆಗೆಯುವುದು ಮುಂದೊಗಲನ್ನು. ಹೆಣ್ಣುಮಕ್ಕಳಲ್ಲಿ ಕ್ಲಿಟೋರಿಸ್ (ಯೋನಿಯ ಮೇಲ್ಭಾಗದ ಸೂಕ್ಷ್ಮ ಅಂಗ) ಇಲ್ಲವೇ ಅದರ ಮೇಲಿನ ಚರ್ಮ, ಕೆಲವೆಡೆ ಯೋನಿಯ ತುಟಿಗಳನ್ನೂ ಕತ್ತರಿಸುತ್ತಾರೆ. ಸೊಮಾಲಿಯಾ, ಸುಡಾನ್‌ಗಳಲ್ಲಿ ಸಣ್ಣ ರಂಧ್ರವೊಂದನ್ನು ಬಿಟ್ಟು ಹೊಲಿದುಬಿಡುವುದೂ ಉಂಟು. ಅಂಥವರಿಗೆ ಮುಟ್ಟು, ಹೆರಿಗೆ ಎರಡೂ ನರಕ. ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದಂತೆ ಇವುಗಳಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಕತ್ತರಿಗೆ ಸಿಕ್ಕ ಹೆಣ್ಣುಮಕ್ಕಳು ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು. ಇದರಿಂದ ಆರೋಗ್ಯಕ್ಕೆ ಒಂದೂ ಲಾಭವಿಲ್ಲ.

ಸುನ್ನತಿಗೆ ಲಾಭವಿದೆಯಲ್ಲ ಎನ್ನಬಹುದು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವುದು ಸುಮಾರು ಶೇ 60ರಷ್ಟು ಇಳಿದದ್ದು ನಿಜ. ಆದರೆ ಅವರೆಲ್ಲ ತಾವಾಗಿ ಒಪ್ಪಿ ಬಂದ ದೊಡ್ಡವರು. ಆ ಲಾಭಕ್ಕಾಗಿ ಕೂಸಿನ ಮೇಲೆ ಅವಸರ ಯಾಕೆ?

ನಿಮ್ಮ ಪ್ರಶ್ನೆ ನಿಜಕ್ಕೂ ಚುಚ್ಚುವುದು ನಮ್ಮ ದೇಶದ ದಾವೂದಿ ಬೋಹ್ರಾ ಸಮುದಾಯದ (ಶಿಯಾ ಮುಸ್ಲಿಮರ ಒಂದು ಪಂಗಡ) ವಿಷಯದಲ್ಲಿ. ಏಳು ವರ್ಷದ ಆಸುಪಾಸಿನ ಹುಡುಗಿಯನ್ನು ಐಸ್‌ಕ್ರೀಮ್ ಕೊಡಿಸುತ್ತೇನೆಂದು ಕರೆದುಕೊಂಡು ಹೋಗಿ ಖತ್ನಾ ಮಾಡಿಸಿದರು ಎಂದು ಅಲ್ಲಿನ ಎಷ್ಟೋ ಹೆಂಗಸರು ಹೇಳಿಕೊಂಡಿದ್ದಾರೆ. ‘ಒಂದು ಗೀರು ಅಷ್ಟೇ, ಹುಡುಗರಿಗಿಂತ ಕಡಿಮೆ’ ಎನ್ನುವುದು ಸಮರ್ಥಕರ ವಾದ. ಗೀರೂ ಅಪರಾಧವೇ ಎಂದು ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿನ ಸರ್ವೋಚ್ಚ ನ್ಯಾಯಾಲಯ) 2019ರಲ್ಲಿ ಹೇಳಿತು. ನಾನೂ ಅದನ್ನೇ ಒಪ್ಪುತ್ತೇನೆ. ಆ ಚರ್ಮದ ಚೂರನ್ನು ‘ಹರಾಮ್ ಕೀ ಬೋಟಿ’ (ಪಾಪದ ಮಾಂಸದ ತುಂಡು) ಎಂದು ಕರೆಯುತ್ತಾರಲ್ಲ, ಆ ಹೆಸರಿನಲ್ಲೇ ಉದ್ದೇಶ ಇದೆ: ಅವಳ ಆಸೆಗೆ ಕಡಿವಾಣ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಖತ್ನಾ ನಿಷೇಧ ಕೋರಿದ ಪ್ರಕರಣವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ಹಾಗಾದರೆ ಗೀರು ತಪ್ಪು, ಇಡೀ ಮುಂದೊಗಲು ತೆಗೆದರೆ ಸರಿಯೇ? ಇಲ್ಲ, ಅದನ್ನೂ ಪೂರ್ತಿ ಸರಿ ಅನ್ನಲಾರೆ. 2012ರಲ್ಲಿ ಜರ್ಮನಿಯ ಕಲೋನ್ ನ್ಯಾಯಾಲಯ, ನಾಲ್ಕು ವರ್ಷದ ಹುಡುಗನ ಪ್ರಕರಣದಲ್ಲಿ ಅದನ್ನು ದೈಹಿಕ ಗಾಯ ಎಂದಿತು. ಯಹೂದಿಗಳೂ ಮುಸ್ಲಿಮರೂ ಕಂಗಾಲಾದರು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಷರತ್ತು ಹಾಕಿ ಅನುಮತಿಸಿತು. ಸಾವಿರಾರು ವರ್ಷದ ಗುರುತನ್ನು ಪೊಲೀಸರಿಂದ ಬಿಡಿಸಲು ಹೊರಟರೆ ಆಪರೇಷನ್ ಥಿಯೇಟರ್‌ನಿಂದ ಕದ್ದುಮುಚ್ಚಿ ಮಾಡುವ ಕೋಣೆಗೆ ಹೋಗುತ್ತದೆ. ಹಾಗಾಗಿ ನಿಷೇಧ ಬೇಡ ಎನ್ನುತ್ತೇನೆ. ಹುಡುಗ ದೊಡ್ಡವನಾಗಿ ತಾನೇ ಹೂಂ ಅನ್ನುವವರೆಗೆ ಕಾಯಲಿ ಎಂದು ಮಾತ್ರ ಮನಸಾರೆ ಬೇಡುತ್ತೇನೆ. ಕಾಯಲು ಆಗದವರು ಅರಿವಳಿಕೆ ಇಲ್ಲದೆ ಕತ್ತರಿ ಮುಟ್ಟಿಸಬಾರದು.

ಚಿಕ್ಕಂದಿನಲ್ಲಿ ಪಕ್ಕದ ಮನೆಯ ಗೆಳೆಯನನ್ನು ಸುನ್ನತಿಯ ಮಾರನೇ ದಿನ ನೋಡಲು ಹೋಗಿದ್ದೆ. ಗಾಯಕ್ಕೆ ತಾಗದಿರಲೆಂದು ಲುಂಗಿಯನ್ನು ದಾರ ಕಟ್ಟಿ ಜಂತೆಗೆ ನೇತುಹಾಕಿದ್ದರು. ಕೊರಳಲ್ಲಿ ಬಾಡಿದ ಹೂವಿನ ಹಾರ. ಅವನಮ್ಮ ಬೀಸಣಿಗೆ ಹಿಡಿದು ಪಕ್ಕದಲ್ಲೇ ಕೂತಿದ್ದರು. ‘ಏನು ಮಾಡ್ತಾರೆ ಅಂತ ನಂಗೆ ಹೇಳಲೇ ಇಲ್ಲ ಕಣೋ’ ಅಂದ. ನೋವಿಗಿಂತ ಅವನಿಗೆ ಅದೇ ದೊಡ್ಡದಾಗಿತ್ತು. ಅವನಮ್ಮ ಆಗ ತಲೆ ಎತ್ತಲಿಲ್ಲ, ಬೀಸುತ್ತಲೇ ಇದ್ದರು.