ಜೆರ್ಮಿನಾಲ್: ಗಣಿ ದುರಂತವನ್ನು ಕೂಲಿ ಲೆಕ್ಕದಿಂದ ಓದುವುದು

ಕ್ಲೋದ್ ಬೆರಿ ನಿರ್ದೇಶನದ ಫ್ರೆಂಚ್ ಸಿನಿಮಾ 'ಜೆರ್ಮಿನಾಲ್' (1993) ನೋಡಿದವರೆಲ್ಲ ಕೊನೆಯ ಭಾಗದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಗಣಿಗೆ ನೀರು ನುಗ್ಗುತ್ತದೆ, ಜನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆದರೆ ಪರೀಕ್ಷೆಗಾಗಿ ಟಿಪ್ಪಣಿ ಮಾಡಿಕೊಳ್ಳುವವರು ಅದಕ್ಕಿಂತ ಬಹಳ ಮೊದಲೇ ಕಣ್ಣಿಡಬೇಕು. ಕೂಲಿ ಹೇಗೆ ಲೆಕ್ಕ ಹಾಕುತ್ತಾರೆ ಎಂಬ ಜಾಗದಲ್ಲೇ ದುರಂತದ ಬೀಜ ಇದೆ.

ಮೊದಲು ಹಿನ್ನೆಲೆ, ಚುಟುಕಾಗಿ. ಮೂಲ ಎಮಿಲ್ ಜೋಲಾ ಅವರ 1885ರ ಕಾದಂಬರಿ. ಕಥೆ ನಡೆಯುವುದು 1860ರ ದಶಕದಲ್ಲಿ, ಉತ್ತರ ಫ್ರಾನ್ಸ್‌ನ ಕಲ್ಲಿದ್ದಲು ಸೀಮೆಯಲ್ಲಿ. ಕೆಲಸ ಕಳೆದುಕೊಂಡ ಎತಿಯೆನ್ ಎಂಬ ಯುವಕ ರಾತ್ರಿ ಹೊತ್ತು ವೊರೋ ಎಂಬ ಗಣಿಗೆ ಬರುತ್ತಾನೆ. ಮಯೊ ಕುಟುಂಬದ ಜೊತೆ ಕೆಲಸಕ್ಕೆ ಸೇರುತ್ತಾನೆ. ಆಮೇಲೆ ಮುಷ್ಕರ, ಹಸಿವು, ಸೈನಿಕರ ಗುಂಡು, ಕೊನೆಗೆ ನೀರು.

ಈಗ ಕೂಲಿ ವಿಷಯಕ್ಕೆ ಬರೋಣ. ಇಲ್ಲಿ ದಿನಗೂಲಿ ಇಲ್ಲ. ಎಷ್ಟು ಬಂಡಿ ಕಲ್ಲಿದ್ದಲು ತುಂಬಿ ಕಳಿಸಿದರೋ ಅಷ್ಟಕ್ಕೆ ದುಡ್ಡು. ಹೀಗಿರುವಾಗ ಮೇಲ್ಛಾವಣಿ ಕುಸಿಯದಂತೆ ಮರದ ಕಂಬ ಕೊಟ್ಟು ನಿಲ್ಲಿಸುವ ಕೆಲಸ ಇದೆಯಲ್ಲ, ಅದಕ್ಕೆ ಹಾಕಿದ ಒಂದೊಂದು ಗಳಿಗೆಯೂ ಕಾರ್ಮಿಕನಿಗೆ ನಷ್ಟ. ಹಾಗಾಗಿ ಅವನು ಕಂಬ ಕಡಿಮೆ ಹಾಕುತ್ತಾನೆ. ಎಂಜಿನಿಯರ್ ಬಂದು ನೋಡಿ ದಂಡ ಹಾಕುತ್ತಾನೆ. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿಯೇ, ಅಲ್ವಾ? ಗೋಜಲು ಇರುವುದು ಅಲ್ಲೇ.

ಆಗ ಕಂಪನಿ ಒಂದು ಜಾಣ ಉಪಾಯ ಹೂಡುತ್ತದೆ. ಕಂಬ ಹಾಕುವುದಕ್ಕೆ ಬೇರೆ ದುಡ್ಡು ಕೊಡುತ್ತೇವೆ, ಆದರೆ ಬಂಡಿಯ ದರ 50 ಸೆಂಟೀಮ್‌ನಿಂದ (ನೂರು ಸೆಂಟೀಮ್ ಅಂದರೆ ಒಂದು ಫ್ರಾಂಕ್) 40ಕ್ಕೆ ಇಳಿಯುತ್ತದೆ ಎನ್ನುತ್ತದೆ. ಕೇಳಲು ಸುರಕ್ಷತೆಯ ಕ್ರಮ. ಕಾರ್ಮಿಕರು ಕೂಡಿ ಕಳೆದು ನೋಡಿದರೆ ಕೈಗೆ ಬರುವುದು ಮೊದಲಿಗಿಂತ ಕಡಿಮೆ. ಮುಷ್ಕರ ಹೊತ್ತಿಕೊಳ್ಳುವುದು ಇದರಿಂದ. ಕಾದಂಬರಿಯಲ್ಲಿ ಇದೇ ಹೊತ್ತಿಗೆ ಒಂದು ಕುಸಿತವೂ ಆಗುತ್ತದೆ. ಒಬ್ಬ ಕಾರ್ಮಿಕ ಸಾಯುತ್ತಾನೆ, ಮಯೊನ ಚಿಕ್ಕ ಮಗನ ಕಾಲು ಮುರಿಯುತ್ತದೆ. ದೊಡ್ಡ ದುರಂತಕ್ಕೆ ಮುಂಚೆ ಬರುವ ಈ ಸಣ್ಣದನ್ನು ಪರೀಕ್ಷೆಯ ಉತ್ತರಗಳಲ್ಲಿ ಯಾರೂ ಬರೆಯುವುದಿಲ್ಲ. ನೀವು ಬರೆಯಿರಿ.

ದೊಡ್ಡ ದುರಂತ ಅರ್ಥವಾಗಲು ಶಾಫ್ಟ್ ಹೇಗಿರುತ್ತದೆ ಅಂತ ಗೊತ್ತಿರಬೇಕು. ನೆಲದಿಂದ ನೇರ ಕೆಳಗಿಳಿಯುವ ಬಾವಿಯಂಥ ದಾರಿ ಅದು. ಜನರನ್ನೂ ಬಂಡಿಗಳನ್ನೂ ಹೊತ್ತ ಕೇಜ್, ಅಂದರೆ ಪಂಜರದಂಥ ಲಿಫ್ಟ್, ಏರಿಳಿಯುವುದು ಅದರಲ್ಲೇ. ಕಲ್ಲಿದ್ದಲ ಪದರ ಸಿಗುವ ಮೊದಲು ನೀರು ತುಂಬಿದ ಪದರಗಳನ್ನು ಕೊರೆದು ಹೋಗಬೇಕು. ಆ ನೀರು ಒಳಗೆ ಬರದಂತೆ ಶಾಫ್ಟ್‌ನ ಗೋಡೆಗೆ ಸುತ್ತಲೂ ಮರದ ದಪ್ಪ ತುಂಡುಗಳನ್ನು ಬಿಗಿದು, ಸಂದುಗಳನ್ನು ಮುಚ್ಚಿರುತ್ತಾರೆ. ಆಚೆ ಕಡೆ ನೀರಿನ ಒತ್ತಡ, ಈಚೆ ಕಡೆ ಮನುಷ್ಯರು, ನಡುವೆ ಆ ಮರ. ಸೂವರೀನ್ ಎಂಬ ರಷ್ಯನ್ ಅರಾಜಕತಾವಾದಿ ರಾತ್ರಿ ಒಬ್ಬನೇ ಇಳಿದು ಆ ಮರವನ್ನು ಕೊರೆದು, ಗರಗಸ ಹಾಕಿ, ಸಡಿಲ ಮಾಡಿ ಬಿಡುತ್ತಾನೆ. ಬೆಳಿಗ್ಗೆ ಪಾಳಿಯವರು ಇಳಿಯುತ್ತಾರೆ.

ಹಾಗಾದರೆ ಇದು ವಿಧ್ವಂಸಕ ಕೃತ್ಯ, ಕಂಪನಿಯದೇನು ತಪ್ಪು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿನಿಮಾಕ್ಕಿಂತ ಕಾದಂಬರಿ ಚೆನ್ನಾಗಿ ಉತ್ತರ ಕೊಡುತ್ತದೆ. ಆ ಮರದ ಗೋಡೆ ಮೊದಲೇ ಸೋರುತ್ತಿತ್ತು, ಅದಕ್ಕೆ ತೇಪೆ ಹಾಕಿಕೊಂಡೇ ಕೆಲಸ ನಡೆದಿತ್ತು. ಇನ್ನೂ ಮಜಾ ಎಂದರೆ, ಯಾರೋ ಬೇಕೆಂದೇ ಮಾಡಿದ್ದು ಅಂತ ತಿಳಿದ ಮೇಲೂ ಕಂಪನಿ ಅದನ್ನು ಮುಚ್ಚಿಡುತ್ತದೆ. ಇನ್ನೊಬ್ಬರಿಗೆ ಅದೇ ಯೋಚನೆ ಬಂದೀತು ಎಂಬ ಭಯ! ಕೆಲಸ ಹೋಗುವುದು ಒಬ್ಬ ಮೇಸ್ತ್ರಿಯದು.

ಜೋಲಾ ಇದನ್ನೆಲ್ಲ ಮನೆಯಲ್ಲಿ ಕೂತು ಸುಮ್ನೆ ಬರೆದದ್ದಲ್ಲ. 1884ರ ಫೆಬ್ರವರಿಯಲ್ಲಿ ಉತ್ತರ ಫ್ರಾನ್ಸ್‌ನ ಆಂಜಾನ್ ಗಣಿಗಳಲ್ಲಿ ಮುಷ್ಕರ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿ, ಗಣಿಯೊಳಗೂ ಇಳಿದು, ಟಿಪ್ಪಣಿ ಬರೆದುಕೊಂಡು ಬಂದಿದ್ದರು. ಸೈನಿಕರು ಗುಂಡು ಹಾರಿಸುವ ದೃಶ್ಯದ ಹಿಂದೆಯೂ ನಿಜ ಘಟನೆಗಳಿವೆ. 1869ರಲ್ಲಿ ಲಾ ರಿಕಾಮರಿ ಮತ್ತು ಓಬ್ಯಾಂ ಎಂಬ ಊರುಗಳಲ್ಲಿ ಸೈನಿಕರ ಗುಂಡಿಗೆ ಜನ ಸತ್ತಿದ್ದರು.

ಕಾದಂಬರಿ ಬಂದು 21 ವರ್ಷದ ಮೇಲೆ ಅದೇ ಕಲ್ಲಿದ್ದಲು ಸೀಮೆಯ ಕುರಿಯೇರ್‌ನಲ್ಲಿ, 1906ರ ಮಾರ್ಚ್ 10ರಂದು, ಕಲ್ಲಿದ್ದಲ ಧೂಳು ಸ್ಫೋಟಿಸಿ 1,099 ಜನ ಸತ್ತರು. ಕಂಪನಿ ಹುಡುಕಾಟವನ್ನು ಬೇಗ ಕೈಬಿಟ್ಟಿತು, ಮನುಷ್ಯರಿಗಿಂತ ಗಣಿ ಉಳಿಸುವುದೇ ಅದಕ್ಕೆ ಮುಖ್ಯವಾಯಿತು ಎಂಬ ಆರೋಪ ಬಂತು. ಇಪ್ಪತ್ತು ದಿನ ಕಳೆದ ಮೇಲೆ 13 ಜನ ಜೀವಂತ ಮೇಲೆ ಬಂದಾಗ ಊರಿನ ಸಿಟ್ಟು ಎಷ್ಟಿರಬೇಕು, ನೀವೇ ಊಹಿಸಿ. ದೊಡ್ಡ ಮುಷ್ಕರ ನಡೆಯಿತು, ಸರ್ಕಾರ ಸೈನ್ಯ ಕಳಿಸಿತು. (ನಮ್ಮ ಕೆಜಿಎಫ್ ಜೊತೆ ಹೋಲಿಸುವವರಿಗೆ ಒಂದು ಮಾತು: 2001ರಲ್ಲಿ ಮುಚ್ಚಿದ ಅಲ್ಲಿನ ಚಿನ್ನದ ಗಣಿಯ ದೊಡ್ಡ ಭಯ ಆಳದಲ್ಲಿ ಬಂಡೆ ಸಿಡಿಯುವುದಾಗಿತ್ತು. ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಅನಿಲ ಮತ್ತು ಧೂಳು. ಎರಡನ್ನೂ ಒಂದೇ ಮಾಡಬೇಡಿ.)

ಇನ್ನು ಸಿನಿಮಾ ಆಗಿ ಹೇಗಿದೆ? ವಾಲೇರ್ ಊರಿನ ಆರೆನ್‌ಬರ್ಗ್‌ನಲ್ಲಿ, ಆಗಷ್ಟೇ ಮುಚ್ಚಿದ್ದ ನಿಜವಾದ ಗಣಿಯ ಜಾಗದಲ್ಲಿ ಸೆಟ್ ಹಾಕಿ ಚಿತ್ರೀಕರಿಸಿದರು. ಗುಂಪಿನ ದೃಶ್ಯಗಳಲ್ಲಿ ಹಳೆಯ ಗಣಿ ಕಾರ್ಮಿಕರೂ ಇದ್ದಾರೆ. ಎತಿಯೆನ್ ಪಾತ್ರ ಮಾಡಿದ ಗಾಯಕ ರೆನೋ ಅವರ ತಾಯಿಯ ತಂದೆ ಉತ್ತರ ಫ್ರಾನ್ಸ್‌ನ ಗಣಿ ಕಾರ್ಮಿಕ. ಈವ್ ಆಂಜೆಲೊ ಅವರ ಛಾಯಾಗ್ರಹಣಕ್ಕೆ ಫ್ರೆಂಚ್ ಸಿನಿಮಾದ ಸೆಜಾರ್ ಪ್ರಶಸ್ತಿ ಬಂತು. ಆ ಕಾಲಕ್ಕೆ ಫ್ರಾನ್ಸ್‌ನ ಅತಿ ದುಬಾರಿ ಸಿನಿಮಾಗಳಲ್ಲಿ ಇದೊಂದು. ಆ ದುಡ್ಡು ಕೆಲವು ಕಡೆ ಕಣ್ಣಿಗೆ ಹೊಡೆಯುತ್ತದೆ, ಬಡತನ ಕೂಡ ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ. ಮಯೊ ಆಗಿ ಜೆರಾರ್ ದೆಪಾರ್ದಿಯೂ ನಟನೆ ಗಟ್ಟಿ. ಆದರೆ ಆ ಮೈಕಟ್ಟು ನೋಡಿದರೆ ಮನೆಯಲ್ಲಿ ಹಿಟ್ಟಿಗೂ ಗತಿಯಿಲ್ಲ ಅಂತ ನಂಬುವುದು ಕಷ್ಟ.

ನನ್ನ ಮಟ್ಟಿಗೆ ಸಿನಿಮಾ ನಿಲ್ಲುವುದು ನಟಿ ಮಿಯೂ-ಮಿಯೂ ಮಾಡಿದ ಮಯೋದ್, ಅಂದರೆ ಮಯೊನ ಹೆಂಡತಿಯ ಪಾತ್ರದ ಮೇಲೆ. ಮೊದಲು ಮುಷ್ಕರ ಬೇಡ ಎನ್ನುತ್ತಿದ್ದವಳು, ಆಮೇಲೆ ಎಲ್ಲರಿಗಿಂತ ಹಟಮಾರಿಯಾಗುತ್ತಾಳೆ. ಗಂಡ ಹೋದ, ಮಕ್ಕಳು ಹೋದರು, ಕೊನೆಗೆ ತಾನೇ ಗಣಿಗೆ ಇಳಿಯುತ್ತಾಳೆ. ಕಾದಂಬರಿಯಲ್ಲಿ ಅವಳ ಕೆಲಸ ಏನೆಂದೂ ಇದೆ: ಕೆಳಗೆ ಒಂದು ಸಣ್ಣ ಗಾಳಿಚಕ್ರವನ್ನು ಕೈಯಿಂದ ತಿರುಗಿಸುತ್ತಾ ಇರುವುದು. ಹತ್ತು ಗಂಟೆ ದುಡಿದರೆ 30 ಸೂ, ಅಂದರೆ ಒಂದೂವರೆ ಫ್ರಾಂಕ್. ಅದೂ ಕಂಪನಿ ಕನಿಕರದಿಂದ ಕೊಟ್ಟದ್ದಂತೆ. ಹೆಂಗಸರು ನೆಲದಡಿ ದುಡಿಯುವುದನ್ನು ಫ್ರಾನ್ಸ್ ಕಾನೂನಿನಿಂದ ನಿಲ್ಲಿಸಿದ್ದು 1874ರಲ್ಲಿ.