ಮೊದಲು ಊಹೆ, ಆಮೇಲೆ ಪ್ರಯೋಗ

ಭೌತಶಾಸ್ತ್ರದ ಪಾಠ ಬೋರು ಅಂತ ಮಕ್ಕಳು ಆಕಳಿಸಲು ಶುರು ಮಾಡಿದರೆ ನಾವು ಶಿಕ್ಷಕರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ. ಜೋರಾದ ಒಂದು ಪ್ರಯೋಗ ಹುಡುಕುತ್ತೇವೆ. ಕಿಡಿ ಹಾರಬೇಕು, ಸದ್ದಾಗಬೇಕು, ಚಪ್ಪಾಳೆ ಬೀಳಬೇಕು. ಆ ಹೊತ್ತಿಗೆ ಕ್ಲಾಸು ಚೆನ್ನಾಗಿಯೇ ಇರುತ್ತದೆ. ಮರುದಿನ "ನಿನ್ನೆ ಏನಾಯ್ತು, ಯಾಕಾಯ್ತು?" ಅಂತ ಕೇಳಿ ನೋಡಿ. "ಯಾಕೆ" ಹಾಗಿರಲಿ, "ಏನು" ಅನ್ನುವುದೇ ಹಲವರಿಗೆ ತಪ್ಪಾಗಿ ನೆನಪಿರುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಅವರ ಜೊತೆಗಾರರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಯೋಗವನ್ನು ಸುಮ್ನೆ ಕೂತು ನೋಡಿದ ವಿದ್ಯಾರ್ಥಿಗಳಿಗೆ, ಅದನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥವಾಗಿರಲಿಲ್ಲ. ನೋಡುವ ಮೊದಲು "ಹೀಗಾಗಬಹುದು" ಅಂತ ಊಹಿಸಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಊಹಿಸಲು ಬೇಕಾದ ಹೆಚ್ಚುವರಿ ಸಮಯ ಒಂದೆರಡು ನಿಮಿಷ, ಅಷ್ಟೇ.

ಹಾಗಾಗಿ ನನ್ನ ಪ್ರಕಾರ ಮಂಕಾದ ಕ್ಲಾಸಿಗೆ ಬೇಕಾದ್ದು ಮೋಜಿನ ಪ್ರಯೋಗವಲ್ಲ. ಪಣಕ್ಕಿಟ್ಟ ಊಹೆ. ಕ್ರಿಕೆಟ್ ಪಂದ್ಯ ನೋಡುವಾಗ ಒಂದು ತಂಡದ ಪರ ನಿಂತವರು ಕೊನೆಯ ಓವರ್ ತನಕ ಎದ್ದು ಹೋಗುವುದಿಲ್ಲ, ಅಲ್ವಾ? ತಾನು ಬರೆದ ಉತ್ತರ ಸರಿಯೋ ತಪ್ಪೋ ಅನ್ನುವ ಕುತೂಹಲವೂ ಅಂಥದ್ದೇ.

"ಬರೆದ" ಅಂದೆ, ಅದು ಮುಖ್ಯ. ಕೈ ಎತ್ತಿ ಅಂದರೆ ಎಲ್ಲರೂ ಕ್ಲಾಸಿನ ಜಾಣರ ಮುಖ ನೋಡಿ ಕೈ ಎತ್ತುತ್ತಾರೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಸಿ. ಅಳಿಸುವ ಹಾಗಿಲ್ಲ. ಆಮೇಲೆ ಪಕ್ಕದವರ ಜೊತೆ ಜಗಳ ಆಡಲು ಬಿಡಿ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಹಿಂದಿನ ಬೆಂಚಿನವರ ಜೊತೆ. ಕ್ಲಾಸು ಸ್ವಲ್ಪ ಗಲಾಟೆ ಆಗುತ್ತದೆ, ಆಗಲಿ. ತಪ್ಪು ಬರೆದವರನ್ನು ನೋಡಿ ಯಾರಾದರೂ ನಕ್ಕರೆ ಮಾತ್ರ ಅಲ್ಲೇ ತಡೆಯಬೇಕು. ಒಮ್ಮೆ ಮುಖಭಂಗವಾದ ಹುಡುಗಿ ಮುಂದಿನ ಸಲ "ಗೊತ್ತಿಲ್ಲ" ಅಂತಲೇ ಬರೆಯುತ್ತಾಳೆ.

ನನಗೆ ಬಹಳ ಇಷ್ಟವಾದ ಪ್ರಯೋಗಕ್ಕೆ ಖರ್ಚೇ ಇಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ, ಕೆಳಭಾಗದ ಪಕ್ಕದಲ್ಲಿ ಒಂದು ತೂತು. ನೀರು ತುಂಬಿಸಿ, ಮುಚ್ಚಳ ತೆಗೆದು ಹಿಡಿದರೆ ತೂತಿನಿಂದ ನೀರು ಚಿಮ್ಮುತ್ತದೆ. ಈಗ ಕೇಳಿ: ಬಾಟಲಿಯನ್ನು ಕೈಬಿಟ್ಟರೆ, ಅದು ಬೀಳುತ್ತಿರುವಾಗ ನೀರು ಜಾಸ್ತಿ ಚಿಮ್ಮುತ್ತದೋ, ಕಡಿಮೆಯೋ, ಮೊದಲಿನಷ್ಟೇಯೋ? ಹೆಚ್ಚಿನವರು "ಜಾಸ್ತಿ" ಅಥವಾ "ಮೊದಲಿನಷ್ಟೇ" ಅಂತ ಬರೆಯುತ್ತಾರೆ. ಕೆಲವರು ಗಾಳಿಯ ಒತ್ತಡ ತಂದು ಸೇರಿಸುತ್ತಾರೆ. ಕೈಬಿಡಿ. ನೀರು ನಿಂತೇ ಹೋಗುತ್ತದೆ.

ಎರಡು ಮೀಟರ್ ಎತ್ತರದಿಂದ ಬೀಳಲು ಸುಮಾರು 0.64 ಸೆಕೆಂಡ್ ಸಾಕು. ಅಷ್ಟರಲ್ಲಿ ಹಲವರಿಗೆ ಏನೂ ಕಾಣುವುದಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದು ತೋರಿಸಿ. ನೆಲದ ಮೇಲೆ ಬಕೆಟ್ ಇಡಲು ಮರೆಯಬೇಡಿ!

ವಿವರಣೆ ಈಗ ಬರಲಿ, ಇದಕ್ಕಿಂತ ಮೊದಲು ಬೇಡ. ಕೈಯಲ್ಲಿ ಹಿಡಿದಾಗ ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಒತ್ತುತ್ತದೆ. ಅದಕ್ಕೇ ಅದು ತೂತಿನಿಂದ ಹೊರಗೆ ನುಗ್ಗುತ್ತದೆ. ಬೀಳುವಾಗ ಬಾಟಲಿ, ಮೇಲಿನ ನೀರು, ಕೆಳಗಿನ ನೀರು ಎಲ್ಲದರ ವೇಗವೂ ಒಂದೇ ಸಮ ಏರುತ್ತದೆ. ಯಾರೂ ಯಾರನ್ನೂ ಒತ್ತುವುದಿಲ್ಲ. ಗುರುತ್ವ ಎಲ್ಲಿಗೂ ಹೋಗಿಲ್ಲ, ಒತ್ತಡ ಮಾತ್ರ ಹೋಯಿತು.

ಇಲ್ಲಿಗೆ ಬಂದ ಮೇಲೆ ಗಗನಯಾತ್ರಿಗಳ ವಿಷಯ ಎತ್ತಿ. "ಅಲ್ಲಿ ಯಾಕೆ ತೇಲ್ತಾರೆ?" ಅಂದರೆ "ಅಲ್ಲಿ ಗುರುತ್ವ ಇಲ್ಲ ಸರ್" ಅನ್ನುವ ಉತ್ತರ ಬಂದೇ ಬರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ತ್ರಿಜ್ಯ 6,400 ಕಿಲೋಮೀಟರ್ ಅಂತ ಇಟ್ಟುಕೊಂಡು ಅಲ್ಲಿನ ಗುರುತ್ವವನ್ನು ಅವರ ಕೈಯಲ್ಲೇ ಲೆಕ್ಕ ಹಾಕಿಸಿ. ನೆಲದ ಮೇಲಿನದರ ಶೇಕಡಾ 90ರ ಹತ್ತಿರ ಬರುತ್ತದೆ. ಆಗ ಬಾಟಲಿ ನೆನಪಾಗುತ್ತದೆ. ನಿಲ್ದಾಣವೂ ಒಳಗಿರುವವರೂ ಜೊತೆಜೊತೆಗೆ ಬೀಳುತ್ತಲೇ ಇದ್ದಾರೆ. ಅಡ್ಡಕ್ಕೆ ಸಾಗುವ ವೇಗ ಬಹಳ ಇರುವುದರಿಂದ ನೆಲಕ್ಕೆ ಬಡಿಯುವುದಿಲ್ಲ, ಅಷ್ಟೇ.

ಇನ್ನೂ ನಂಬದವರಿಗೆ ಫೋನೇ ಸಾಕ್ಷಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಫೋನಿನೊಳಗಿನ ಸೆನ್ಸರ್‌ಗಳ ಅಳತೆಯನ್ನು ಗ್ರಾಫ್ ಆಗಿ ತೋರಿಸುತ್ತದೆ. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅಳೆಯುವ ಸೆನ್ಸರ್ ಆರಿಸಿ. ಮೇಜಿನ ಮೇಲೆ ಸುಮ್ಮನೆ ಇಟ್ಟ ಫೋನು 9.8 ಮೀ/ಸೆ² ಹತ್ತಿರ ತೋರಿಸುತ್ತದೆ. ದಪ್ಪ ದಿಂಬಿನ ಮೇಲೆ ಬೀಳಿಸಿದರೆ, ಬೀಳುವಷ್ಟು ಹೊತ್ತು ಸೊನ್ನೆಯ ಹತ್ತಿರ. ಕೂತಿದ್ದಾಗ 9.8, ಬೀಳುವಾಗ ಸೊನ್ನೆ! ಇದು ಉಲ್ಟಾ ಅಲ್ವಾ ಅಂತ ಮಕ್ಕಳೇ ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಉಳಿದ ಅರ್ಧ ಗಂಟೆ ನೀವು ಕಷ್ಟಪಡಬೇಕಾಗಿಲ್ಲ. (ಫೋನು ನಿಮ್ಮದೇ ಇರಲಿ, ಮಕ್ಕಳದ್ದು ಬೇಡ.)

ವಿದ್ಯುತ್ತಿನ ಪಾಠಕ್ಕೂ ಇದೇ ದಾರಿ. ಒಂದೇ ಥರದ ಎರಡು ಬಲ್ಬು, ಸರಣಿ ಜೋಡಣೆ. ಯಾವುದು ಜಾಸ್ತಿ ಬೆಳಗುತ್ತದೆ? "ಮೊದಲನೆಯದು, ಅದು ಕರೆಂಟ್ ತಿಂದು ಉಳಿದದ್ದನ್ನು ಎರಡನೆಯದಕ್ಕೆ ಕೊಡುತ್ತೆ" ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಓಮ್‌ನ ನಿಯಮ ಬಾಯಿಪಾಠ ಬರುವವರಲ್ಲೂ ಸಿಗುತ್ತಾರೆ. ಎರಡೂ ಒಂದೇ ಸಮ ಉರಿದಾಗ ಅವರ ಮುಖ ನೋಡಬೇಕು.

ಹಾಗಂತ ನಾನು ಸೂತ್ರ, ಲೆಕ್ಕದ ವಿರೋಧಿಯಲ್ಲ. ಲೆಕ್ಕವಿಲ್ಲದ ಭೌತಶಾಸ್ತ್ರ ಬರೀ ಕಥೆ. ಆದರೆ ಆ ಲೆಕ್ಕಕ್ಕೆ ಒಂದು ಕಾರಣ ಬೇಕು. ಸ್ಕೇಲನ್ನು ಒಬ್ಬರು ಮೇಲಿಂದ ಬಿಡಲಿ, ಇನ್ನೊಬ್ಬರು ಬೆರಳಲ್ಲಿ ಹಿಡಿಯಲಿ. 20 ಸೆಂಟಿಮೀಟರ್ ಜಾರಿದ ಮೇಲೆ ಸಿಕ್ಕರೆ ಅವರ ಪ್ರತಿಕ್ರಿಯೆಯ ಸಮಯ ಸುಮಾರು 0.2 ಸೆಕೆಂಡ್. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟರಲ್ಲಿ ಮೂರು ಮೀಟರ್ ದಾಟಿರುತ್ತದೆ, ಬ್ರೇಕ್ ಮುಟ್ಟುವ ಮೊದಲೇ. ಪಠ್ಯಪುಸ್ತಕದ ಅದೇ ಸಮೀಕರಣ, ಆದರೆ ಅಂಕಿ ಅವರದ್ದು.

"ಇದೆಲ್ಲ ಮಾಡ್ತಾ ಕೂತರೆ ಸಿಲಬಸ್ ಮುಗಿಯೋದು ಯಾವಾಗ?" ನ್ಯಾಯವಾದ ಪ್ರಶ್ನೆ. ದಿನಕ್ಕೊಂದು ಪ್ರಶ್ನೆ ಸಾಕು. ಪುಸ್ತಕದಲ್ಲಿ ಇದ್ದದ್ದನ್ನೇ ಬೋರ್ಡಿನ ಮೇಲೆ ಬರೆದು, ಅದನ್ನೇ ಮಕ್ಕಳ ಕೈಯಲ್ಲಿ ನಕಲು ಮಾಡಿಸುವ ಹೊತ್ತನ್ನು ಕತ್ತರಿಸಿ, ಸಮಯ ಸಿಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೂ ಒಂದು ಕಲೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ ದಶಕಗಳ ಹಿಂದೆಯೇ ತೋರಿಸಿದ್ದರು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು.

ಇನ್ನೊಂದು ವಿಷಯವಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಕ್ಲಾಸಿನಲ್ಲಿ ಊಹೆ, ಚರ್ಚೆ ಎಲ್ಲ ಮಾಡಿಸಿ, ಪರೀಕ್ಷೆಯಲ್ಲಿ ಬರೀ ವ್ಯಾಖ್ಯೆ ಕೇಳಿದರೆ ಮಕ್ಕಳಿಗೆ ಒಂದೇ ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ. ಊಹೆ ಬರೆಯುವುದನ್ನು ನಿಲ್ಲಿಸುತ್ತಾರೆ. ಕಿರುಪರೀಕ್ಷೆಗಳಲ್ಲಾದರೂ ಕ್ಲಾಸಿನಲ್ಲಿ ಮಾಡದ ಒಂದು ಪ್ರಶ್ನೆ ಇರಲಿ, ಕಾರಣಕ್ಕೂ ಅಂಕ ಇರಲಿ. ಉದಾಹರಣೆಗೆ, ಅದೇ ತೂತಿನ ಬಾಟಲಿಯನ್ನು ಬೀಳಿಸುವ ಬದಲು ಮೇಲಕ್ಕೆ ಎಸೆದರೆ? ಕೈಬಿಟ್ಟ ಕ್ಷಣದಿಂದ, ಮೇಲೆ ಹೋಗುವಾಗಲೂ ನೀರು ಬರುವುದಿಲ್ಲ. "ಬೀಳುವಾಗ ನಿಲ್ಲುತ್ತದೆ" ಅಂತ ಉರು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.